ಎಮ್ಮೆಯ ಕೊನೆಯ ಸವಾರಿ

ಮತದಾನದ ದಿನ ಮುದಿ ಎಮ್ಮೆಯೊಂದು ನರಿಯ ಪಕ್ಷದ ಪರವಾಗಿ, ನಡೆಯಲಾರದವರನ್ನು ಬೆಳಗಿನಿಂದ ಮತಗಟ್ಟೆಗೆ ಹೊತ್ತು ತರುತ್ತಿತ್ತು. ಮೂರು ಚುನಾವಣೆಗಳಲ್ಲಿ ತಪ್ಪಿಹೋದ ತನ್ನ ಮತವನ್ನು ಈ ಸಲವಾದರೂ ಹಾಕೋಣವೆಂದು ಸಂಜೆ ಅದು ಸಾಲಿನತ್ತ ಹೊರಟಿತು. ಅಷ್ಟರಲ್ಲಿ ದಾರಿಯಿಂದ ಬಸವನಹುಳು ಕೂಗಿತು:

"ಎಮ್ಮಕ್ಕಾ, ಮುಂಜಾನೆ ಹೊರಟವನು ಇನ್ನೂ ಇಲ್ಲೇ ಇದ್ದೇನೆ."

"ನರಿಗೆ ತಾನೇ ನಿನ್ನ ಮತ?"

"ಸುಳ್ಳು ಹೇಳಲಾರೆ. ತೋಳನಿಗೆ."

ಎಮ್ಮೆ ನಿಟ್ಟುಸಿರಿಟ್ಟು ಮಂಡಿಯೂರಿತು. "ಹತ್ತು, ಮಾರಾಯ. ಯಾರಿಗೆ ಹಾಕಿದರೂ ಭಾರ ಒಂದೇ."

ಅವರು ಮುಟ್ಟುವಾಗ ಗಂಟೆ ಆರಾಗಿತ್ತು. ಅಧಿಕಾರಿ ಬಾತುಕೋಳಿ ಹುಳುವಿಗೆ ಕೊನೆಯ ಚೀಟಿ ಕೊಟ್ಟು, ಒಳಗಿಳಿಸಿಕೊಂಡು, ಗೇಟು ಎಳೆಯಿತು.

"ನನ್ನ ಚೀಟಿ?" ಎಂದಿತು ಎಮ್ಮೆ.

"ನಿಮಗೂ ಮತವಿದೆಯೇ? ಬೆಳಗಿನಿಂದ ನೋಡಿ, ನೀವು ವಾಹನವೆಂದುಕೊಂಡಿದ್ದೆ."

ಹುಳು ಮತ ಹಾಕಿ ಬರುವವರೆಗೆ, ಅದನ್ನು ಮರಳಿ ಒಯ್ಯಲು, ಎಮ್ಮೆ ಗೇಟಿನ ಹೊರಗೆ ಕಾದು ನಿಂತಿತು.