ಎರಡು ಬಾಗಿಲು, ಒಂದೇ ಅಂಕಿ

ಹೊಳೆ ಉಕ್ಕುತ್ತಿದೆ ಎಂದು ಗೊತ್ತಾದದ್ದೇ ತಡ, ಸುತ್ತಲ ಹಳ್ಳಿಯವರೆಲ್ಲ ಬಿತ್ತನೆ ರಾಗಿಯ ಮೂಟೆ ಹೊತ್ತು ಗುಡ್ಡದ ಮೇಲಿನ ಆಶ್ರಮಕ್ಕೆ ಬಂದರು.

ಆಶ್ರಮಕ್ಕೆ ಎರಡು ಬಾಗಿಲು. ಮೂಡಲ ಬಾಗಿಲಲ್ಲಿ ಶಿಷ್ಯ ಮರಿಸಿದ್ದ, ಪಡುವಲ ಬಾಗಿಲಲ್ಲಿ ಅವನ ಜೊತೆಗಾರ ಚಿಕ್ಕೀರ. ಒಂದೇ ಅಂಕಿಯ ಎರಡು ಬಿಲ್ಲೆ ಬರೆದು, ಒಂದನ್ನು ಮೂಟೆಗೆ ಕಟ್ಟಿ ಇನ್ನೊಂದನ್ನು ತಂದವರ ಕೈಗೆ ಕೊಡಬೇಕು. ಕೆಲಸ ಇಷ್ಟೇ.

ಮರಿಸಿದ್ದನ ಬಾಗಿಲಿಗೆ ಮೊದಲು ಬಂದವಳು ಪುಟ್ಟಮಾದಮ್ಮ.

"ಜೋಪಾನ ಕಣಪ್ಪಾ. ಉಣ್ಣೋ ರಾಗಿ ಅಲ್ಲ ಇದು, ಬಿತ್ತೋ ರಾಗಿ. ನಾನೇ ತೆನೆ ಆರಿಸಿಟ್ಟಿದ್ದು. ಯಾರದೋ ಜೊಳ್ಳು ನನ್ನ ಪಾಲಿಗೆ ಬಂದ್ರೆ ಈ ವರ್ಷ ನನ್ನ ಹೊಲ ಬೀಳೇ."

ಮರಿಸಿದ್ದ 'ಒಂದು' ಎಂದು ಬರೆದು ಕಟ್ಟಿ, ಮೂಟೆ ಹೊತ್ತು ಒಳಗೆ ಹೋದ. ಎದುರಿನಿಂದ ಚಿಕ್ಕೀರನೂ ಒಂದು ಮೂಟೆ ಹೊತ್ತು ಬಂದ. ಅದರ ಮೇಲೂ 'ಒಂದು'.

"ಅಯ್ಯೋ ಶಿವನೇ!" ಎಂದ ಮರಿಸಿದ್ದ.

ಅಲ್ಲಿಂದ ಶುರುವಾಯಿತು ಓಟ. ಪ್ರತಿ ಮೂಟೆಗೂ ಮರಿಸಿದ್ದ ಆ ಬಾಗಿಲಿಗೆ ಓಡಿ, "ಎಷ್ಟಕ್ಕೆ ಬಂತೋ?" ಎಂದು ಕೇಳಿ ಬರುತ್ತಿದ್ದ. ಅವನು ವಾಪಸು ಬರುವಷ್ಟರಲ್ಲಿ ಪುಣ್ಯಾತ್ಮ ಚಿಕ್ಕೀರ ಇನ್ನೊಂದು ಬಿಲ್ಲೆ ಕೊಟ್ಟಿರುತ್ತಿದ್ದ! ಸಾಲು ಬೆಳೆಯಿತು. ನೀರು ಗುಡ್ಡದ ಬುಡ ಮುಟ್ಟಿತು.

"ನೀವಿಬ್ಬರೂ ಮಾತಾಡ್ಕೊಳ್ಳೋವರೆಗೂ ಹೊಳೆ ಕಾಯುತ್ತಾ?" ಎಂದು ಪುಟ್ಟಮಾದಮ್ಮ ರೇಗಿದಳು.

ಮರಿಸಿದ್ದ ಗುರುಗಳ ಬಳಿ ಓಡಿದ. "ಬುದ್ಧೀ, ಒಂದು ಬಾಗಿಲು ಮುಚ್ಚಿಬಿಡಲೇ?"

"ಆ ಕಡೆಯವರು ಹಾರಿಕೊಂಡು ಬರುತ್ತಾರೇನೋ?"

ಗುರುಗಳು ಅಂಗಳದ ಹಸಿ ಮಣ್ಣಿನಲ್ಲಿ ನಾಲ್ಕು ಹೆಜ್ಜೆ ನಡೆದು ನಿಂತರು.

"ನನ್ನ ಎಡಗಾಲು ಬಲಗಾಲನ್ನು ಏನಾದರೂ ಕೇಳಿತೇ, ಮರಿ?"

ಮರಿಸಿದ್ದ ಹೆಜ್ಜೆ ಗುರುತುಗಳನ್ನು ನೋಡಿದ. ಎಡ, ಬಲ, ಎಡ, ಬಲ. ಒಂದು ಕಾಲು ಬಿಟ್ಟ ಜಾಗದಲ್ಲಿ ಇನ್ನೊಂದು ಇತ್ತು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

"ಚಿಕ್ಕೀರಾ! ನಂದು ಒಂದು, ಮೂರು, ಐದು! ನಿಂದು ಎರಡು, ನಾಲ್ಕು, ಆರು! ಇನ್ನು ಕೇಳೋದೇ ಬೇಡ ಕಣೋ!"

ಕಟ್ಟಿದ್ದ ಬಿಲ್ಲೆಗಳನ್ನು ಬಿಚ್ಚಿ, ತಂದವರ ಎದುರೇ ಹೊಸದಾಗಿ ಕಟ್ಟಿ, ಅವರ ಕೈಲಿದ್ದ ಬಿಲ್ಲೆಯನ್ನೂ ಬದಲಿಸಿಕೊಟ್ಟರು. ಆಮೇಲೆ ಸಾಲು ಹೇಗೆ ಕರಗಿತು ಅಂತೀರಿ! ಹೊಳೆ ಕೆಳಗಿನ ಮೆಟ್ಟಿಲು ನೆಕ್ಕುವ ಹೊತ್ತಿಗೆ ಹೊರಗೆ ಒಂದು ಮೂಟೆಯೂ ಉಳಿದಿರಲಿಲ್ಲ.

ನೆರೆ ಇಳಿದ ಮೇಲೆ ಜನ ಬಿಲ್ಲೆ ತೋರಿಸಿ ತಮ್ಮ ತಮ್ಮ ಮೂಟೆ ಪಡೆದರು. ಒಂದೂ ಅದಲುಬದಲಾಗಲಿಲ್ಲ. ಪುಟ್ಟಮಾದಮ್ಮ ತನ್ನ ಮೂಟೆ ಬಿಚ್ಚಿ, ಒಂದು ಹಿಡಿ ರಾಗಿ ಎತ್ತಿ ನೋಡಿ ನಕ್ಕಳು. ಮೂಟೆ ತಲೆಯ ಮೇಲಿಟ್ಟು ಗುಡ್ಡ ಇಳಿದಳು.

ಮರಿಸಿದ್ದನಿಗೆ ಮಾತ್ರ ಒಂದು ಕೊರಗು.

"ಬುದ್ಧೀ, ಚಿಕ್ಕೀರನ ಬಾಗಿಲಿಗೆ ಬಂದವರು ಕಮ್ಮಿ. ನಡುನಡುವೆ ಎಷ್ಟೋ ಅಂಕಿಗಳು ಯಾರಿಗೂ ಸೇರದೆ ಖಾಲಿ ಉಳಿದವು. ಲೆಕ್ಕ ತುಂಬಲೇ ಇಲ್ಲ."

ಗುರುಗಳು ಇಳಿಜಾರಿನಲ್ಲಿ ಹೋಗುತ್ತಿದ್ದವಳ ಕಡೆ ಕೈ ತೋರಿಸಿದರು.

"ಓಡಿಹೋಗಿ ಅವಳನ್ನು ಕೇಳು, ಮರಿ, ರಾಗಿ ಎಷ್ಟು ಕಮ್ಮಿ ಬಂತು ಅಂತ."