ನೇರಳೆ ಮರದ ತಲೆಗೆ ಕಟ್ಟಿದ ಯುದ್ಧ

ಒಂದು ಕಾಡಿನ ನಡುವೆ ದೊಡ್ಡ ಹೊನ್ನೆ ಮರವಿತ್ತು. ಅದರ ತುಂಬ ಚಗಳಿ ಇರುವೆಗಳ ಗೂಡು. ಚಗಳಿ ಗೊತ್ತಲ್ಲ? ಅದೇ, ಕೆಂಪಗೆ, ಉದ್ದ ಕಾಲಿನ, ಕಚ್ಚಿದರೆ ‘ಅಪ್ಪಾ!’ ಎನ್ನಿಸುವ ಇರುವೆ. ಹೊನ್ನೆ ಮರದಲ್ಲಿ ಜಾಗ ಸಾಲದಾದಾಗ ಒಂದಷ್ಟು ಚಗಳಿಗಳು ಬಳ್ಳಿ ದಾಟಿ ಪಕ್ಕದ ನೇರಳೆ ಮರಕ್ಕೆ ಹೋದವು. ಅಲ್ಲೇ ಗೂಡು ಕಟ್ಟಿಕೊಂಡವು. ಆದರೂ ರಾಣಿ ಇದ್ದದ್ದು ಹೊನ್ನೆ ಮರದಲ್ಲಿ. ಅಪ್ಪಣೆ ಬರುತ್ತಿದ್ದದ್ದೂ ಅಲ್ಲಿಂದಲೇ.

ಚಗಳಿಗಳು ಗೂಡು ಕಟ್ಟುವ ರೀತಿಯೇ ಬೇರೆ. ಮಣ್ಣಿಲ್ಲ, ಕಡ್ಡಿಯಿಲ್ಲ. ಹತ್ತಾರು ಇರುವೆಗಳು ಸೇರಿ ಎರಡು ಎಲೆಗಳನ್ನು ಹತ್ತಿರ ಎಳೆದು ಹಿಡಿಯುತ್ತವೆ. ಇನ್ನೊಂದು ಇರುವೆ ಒಂದು ಮರಿಹುಳುವನ್ನು ಬಾಯಲ್ಲಿ ಮೆಲ್ಲಗೆ ಹಿಡಿದು ತಂದು ಎಲೆಯ ಅಂಚಿಗೆ ತಾಗಿಸುತ್ತದೆ. ಮರಿಯ ಬಾಯಿಂದ ನೂಲು ಬರುತ್ತದೆ. ಆ ನೂಲಿನಲ್ಲೇ ಹೊಲಿಗೆ. ಮರಿಗಳಿಲ್ಲದಿದ್ದರೆ ಗೂಡೂ ಇಲ್ಲ. ನೇರಳೆ ಮರದಲ್ಲಿ ಈ ಮರಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಒಬ್ಬ ಮುದುಕಿ. ಎಲ್ಲರೂ ಅವಳನ್ನು ದಾರಜ್ಜಿ ಎನ್ನುತ್ತಿದ್ದರು.

ರಾಣಿಯ ಮಂತ್ರಿಯ ಹೆಸರು ಚಿಮಟಯ್ಯ. ಭಾರಿ ಬುದ್ಧಿವಂತ, ಸಿಹಿ ಕಂಡರೆ ಮಾತ್ರ ಬುದ್ಧಿ ಕೆಡುತ್ತಿತ್ತು! ನೇರಳೆ ಮರದಾಚೆ ಒಂದು ಪೊದೆಯಲ್ಲಿ ಗೊದ್ದಗಳೆಂಬ ಕಪ್ಪು ಇರುವೆಗಳು ಗಿಡಹೇನುಗಳನ್ನು ಸಾಕಿಕೊಂಡಿದ್ದವು. ನಮಗೆ ಹಾಲು ಕೊಡುವ ಹಸು ಹೇಗೋ, ಇರುವೆಗಳಿಗೆ ಸಿಹಿ ಹನಿ ಕೊಡುವ ಗಿಡಹೇನು ಹಾಗೆ. ಚಿಮಟಯ್ಯ ಆ ಇಡೀ ಹಿಂಡನ್ನು ಕದ್ದು ತರಿಸಿ, ಹೊನ್ನೆ ಮರದ ತನ್ನ ಕೊಂಬೆಯಲ್ಲಿ ಬಿಟ್ಟುಕೊಂಡ. ರಾಣಿ ಕೇಳಿದ್ದಕ್ಕೆ, “ಕಾಡಲ್ಲಿ ಸುಮ್ಮನೆ ಬಿದ್ದಿದ್ದವು ತಾಯಿ,” ಅಂದ.

ಗೊದ್ದಗಳು ಬಿಡುತ್ತವೆಯೇ? ದಂಡು ಕಟ್ಟಿಕೊಂಡು ಬಂದವು. ದಾರಿಯಲ್ಲಿ ಮೊದಲು ಸಿಕ್ಕಿದ್ದು ನೇರಳೆ ಮರ. ಪಾಪ, ಏಟು ಬಿದ್ದದ್ದು ಅದಕ್ಕೇ. ಚಿಮಟಯ್ಯ ಸೈನಿಕರನ್ನು ಅಲ್ಲಿಗೇ ಅಟ್ಟಿದ. ಮೂರು ದಿನ ಕಚ್ಚಾಟ ನಡೆಯಿತು. ಎರಡೂ ಕಡೆ ತುಂಬಾ ಇರುವೆಗಳು ಸತ್ತವು. ಕೊನೆಗೆ ಗೊದ್ದಗಳು ಕೆಳಗಿಳಿದವು, ಆದರೆ ಮರದ ಬುಡ ಬಿಟ್ಟು ಕದಲಲಿಲ್ಲ. ಅವು ಹೋಗುವ ತನಕ ನಾವೂ ಹೋಗೆವು ಎಂದು ಸೈನಿಕರು ಮೇಲೆಯೇ ಉಳಿದರು.

ಅಲ್ಲಿಗೆ ನೇರಳೆ ಮರದ ನೆಮ್ಮದಿ ಹಾಳಾಯಿತು. ಕೊಂಬೆ ಕೊಂಬೆಯಲ್ಲೂ ಸೈನಿಕರ ಓಡಾಟ. ಒಂದು ಎಲೆ ಅಲುಗಿದರೂ “ಯಾರದು? ಯಾರದು?” ಎಂದು ಕೂಗು. ಕೂಡಿಟ್ಟ ಆಹಾರವೆಲ್ಲ ಅವರ ಹೊಟ್ಟೆಗೆ ಹೋಯಿತು. ಹೊಡೆದಾಟದಲ್ಲಿ ಗೂಡುಗಳು ಹರಿದು ಜೋತುಬಿದ್ದಿದ್ದವು. ಮೇಲೆ ಮೋಡ ಬೇರೆ ಕವಿಯುತ್ತಿತ್ತು.

ಅಂಥ ಹೊತ್ತಿನಲ್ಲಿ ಚಿಮಟಯ್ಯ ಮೀಸೆ ತೀಡುತ್ತಾ ಬಂದ.

“ಅಜ್ಜಿ, ಯುದ್ಧದ ಖರ್ಚು ಕೊಡಬೇಕಲ್ಲ?”

“ಇನ್ನೆಂಥ ಖರ್ಚು ಸ್ವಾಮಿ? ನಿಮ್ಮ ಸೈನಿಕರಿಗೆ ಬಡಿಸಿ ಬಡಿಸಿ ನಾವು ಉಪವಾಸ ಬಿದ್ದಿದ್ದೇವೆ!”

“ಅದು ಊಟದ ಮಾತಾಯಿತು. ನಮ್ಮ ಸೈನಿಕರು ಎಷ್ಟು ಜನ ಸತ್ತರು? ಅವರ ಬದಲಿಗೆ ನಿಮ್ಮ ಮರಿಗಳಲ್ಲಿ ಅರ್ಧ ಕೊಡು. ಬೆಳೆಸಿ ಸೈನಿಕರನ್ನಾಗಿ ಮಾಡಿಕೊಳ್ಳುತ್ತೇವೆ.”

ದಾರಜ್ಜಿ ಮರಿಗಳಿಗೆ ಅಡ್ಡ ನಿಂತಳು. “ಮಳೆ ಬರುವ ಹೊತ್ತಲ್ಲಿ ಮರಿಗಳನ್ನು ಒಯ್ದರೆ ಗೂಡು ಹೊಲಿಯುವುದು ಹೇಗೆ? ಉಳಿದ ಮರಿಗಳೂ ನೀರುಪಾಲಾಗುತ್ತವೆ. ಹಿಂಡು ಕದ್ದವರು ನೀವು, ಖರ್ಚು ನಮಗಾ?”

“ಕದ್ದದ್ದನ್ನು ಕಂಡವರು ಯಾರು? ಹೊಡೆದಾಟ ನಡೆದದ್ದು ನಿಮ್ಮ ಮರದಲ್ಲಿ. ನಿಮ್ಮ ಮರ, ನಿಮ್ಮ ಯುದ್ಧ. ನಾವು ಬಂದದ್ದೇ ದೊಡ್ಡ ಉಪಕಾರ. ನಾಳೆ ರಾಣಿಯ ಮುಂದೆ ಬಾ, ಅಲ್ಲೇ ತೀರ್ಮಾನವಾಗಲಿ.”

ಅವನು ಹೋದ ಮೇಲೆ ದಾರಜ್ಜಿ ಕುಳಿತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮರಿಗಳ ಹತ್ತಿರ ಹೋಗಿ ಒಂದೊಂದನ್ನೂ ನೆಕ್ಕಿದಳು, ಮತ್ತೆ ಹೊರಗೆ ಓಡಿ ಮೋಡ ನೋಡಿದಳು. ಇವುಗಳಲ್ಲಿ ಯಾವ ಅರ್ಧವನ್ನು ಕೊಡಲಿ? “ಅವನೇ ಕಳ್ಳ ಎಂದರೆ ಇಲ್ಲ ಎನ್ನುತ್ತಾನೆ. ಅವನ ಬಾಯಿಂದಲೇ ಬರಬೇಕು,” ಎಂದುಕೊಂಡಳು.

ಮರುದಿನ ಬೆಳಗ್ಗೆ ಹೊನ್ನೆ ಮರದಲ್ಲಿ ರಾಣಿಯ ಸಭೆ ಸೇರಿತು. ಚಿಮಟಯ್ಯ ಗಂಟಲು ಹರಿಯುವಂತೆ ಕೂಗಿದ, “ಯುದ್ಧ ನೇರಳೆ ಮರದ್ದು! ಹೊನ್ನೆ ಮರಕ್ಕೂ ಅದಕ್ಕೂ ಸಂಬಂಧವೇ ಇಲ್ಲ!”

“ಪೂರ್ತಿ ನಮ್ಮದೇನು ಸ್ವಾಮಿ?” ದಾರಜ್ಜಿ ಕೇಳಿದಳು.

“ಪೂರ್ತಿ! ತಲೆಯಿಂದ ಬಾಲದವರೆಗೆ ನಿಮ್ಮದೇ!”

“ಸರಿ. ಯುದ್ಧ ನೇರಳೆ ಮರದ್ದೇ,” ಎಂದಳು ರಾಣಿ.

“ಆಗಲಿ ತಾಯಿ,” ದಾರಜ್ಜಿ ತಲೆಬಾಗಿದಳು. “ನಮ್ಮ ಯುದ್ಧವಾದ ಮೇಲೆ ಅದನ್ನು ನಿಲ್ಲಿಸುವವರೂ ನಾವೇ ತಾನೆ? ಈಗಲೇ ನಿಲ್ಲಿಸುತ್ತೇನೆ.” ನೇರಳೆ ಮರದ ಕಡೆ ಚಾಚಿದ್ದ ಕೊಂಬೆಯ ತುದಿಗೆ ಹೋಗಿ, ಅದರ ಬುಡದಲ್ಲಿದ್ದ ಗೊದ್ದಗಳಿಗೆ ಕೇಳುವಂತೆ ಕೂಗಿದಳು, “ಗೊದ್ದಗಳ ಯಜಮಾನರೇ, ನಿಮ್ಮ ಹಿಂಡು ವಾಪಸ್ಸು ಕೊಟ್ಟರೆ ಹೋಗುತ್ತೀರಾ?”

“ನಾವು ಬಂದಿದ್ದೇ ಅದಕ್ಕಲ್ಲವಾ ಅಜ್ಜಿ! ಈ ಕ್ಷಣವೇ ಹೋಗುತ್ತೇವೆ!”

ದಾರಜ್ಜಿ ಜೊತೆಗೆ ಬಂದಿದ್ದ ತನ್ನವರ ಕಡೆ ತಿರುಗಿದಳು. “ನಡೀರಿ ಮಕ್ಕಳೇ, ಮಂತ್ರಿಗಳ ಕೊಂಬೆಯಿಂದ ಹಿಂಡು ಇಳಿಸಿ.”

ಚಿಮಟಯ್ಯ ಹಾರಿ ಅಡ್ಡ ನಿಂತ. “ಮುಟ್ಟಿದರೆ ಜೋಕೆ! ಕಷ್ಟಪಟ್ಟು ಗೊದ್ದಗಳಿಂದ ಹಾರಿಸಿಕೊಂಡು ಬಂದ ಹಿಂಡು ಇದು! ಇದನ್ನು ಉಳಿಸಿಕೊಳ್ಳಲೆಂದೇ ನಾನು ಯುದ್ಧ ಮಾಡಿದ್ದು! ನನ್ನ ಯುದ್ಧ ನಿಲ್ಲಿಸಲು ನೀವ್ಯಾರು?”

ಏನು ಹೇಳಿಬಿಟ್ಟೆ ಎಂದು ಚಿಮಟಯ್ಯನಿಗೆ ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಅವನ ಮುಖ ಹುಳ್ಳಗಾಯಿತು.

“ಕಾಡಲ್ಲಿ ಸುಮ್ಮನೆ ಬಿದ್ದಿದ್ದವು ಅಂದೆಯಲ್ಲ?” ರಾಣಿ ಕೇಳಿದಳು. “ಯುದ್ಧ ನಿನ್ನದೇ ಅಂತ ನೀನೇ ಹೇಳಿದೆ. ಹಾಗಾದರೆ ಖರ್ಚೂ ನಿನ್ನದೇ. ಹಿಂಡನ್ನು ನೀನೇ ಹೊತ್ತು ಗೊದ್ದಗಳಿಗೆ ಒಪ್ಪಿಸು. ಸೈನಿಕರು ತಿಂದ ಆಹಾರವನ್ನೆಲ್ಲ ನೀನೇ ದುಡಿದು ನೇರಳೆ ಮರಕ್ಕೆ ತುಂಬು. ಇಂದಿನಿಂದ ನೀನು ಮಂತ್ರಿಯಲ್ಲ.”

ಚಿಮಟಯ್ಯ ಎಲ್ಲರ ಕಣ್ಣೆದುರೇ ಗಿಡಹೇನುಗಳನ್ನು ಒಂದೊಂದಾಗಿ ಹೊತ್ತು ಇಳಿಸಿದ. ಗೊದ್ದಗಳು ಹಿಂಡು ಪಡೆದು ಹೊರಟುಹೋದವು. ಸೈನಿಕರು ನಾಚಿಕೊಂಡು ತಾವೇ ಎಲೆಗಳನ್ನು ಎಳೆದು ಹಿಡಿದರು, ದಾರಜ್ಜಿ ಮರಿಗಳನ್ನು ತಂದು ಗೂಡು ಹೊಲಿದಳು. ಕೊನೆಯ ಗೂಡು ಮುಗಿಯುವಾಗ ಮಳೆ ಹಿಡಿಯಿತು. ಒಂದು ಮರಿಯೂ ನೆನೆಯಲಿಲ್ಲ. ಸತ್ತ ಸೈನಿಕರನ್ನು ಮಾತ್ರ ಯಾರಿಂದಲೂ ವಾಪಸ್ಸು ತರಲಾಗಲಿಲ್ಲ. ಅವರನ್ನು ನೆನೆದು ದಾರಜ್ಜಿ ಅವತ್ತು ಊಟ ಮಾಡಲಿಲ್ಲ.

ನೀತಿ: ತಾನು ತೆಗೆದ ಜಗಳದ ಖರ್ಚನ್ನು ತಾನೇ ಹೊರಬೇಕು; ಅದನ್ನು ಬೇರೆಯವರ ತಲೆಗೆ ಕಟ್ಟಲು ಹೋದವನು ತನ್ನ ಮಾತಿನಲ್ಲೇ ಸಿಕ್ಕಿಬೀಳುತ್ತಾನೆ.