ಕರಿಮಡುವಿಗೆ ಹೆಸರು ಹೇಳಿದವಳು

ಒಂದಾನೊಂದು ಕಾಲದಲ್ಲಿ, ಹೊಳೆಗಳಿಗೆ ಇನ್ನೂ ಸೇತುವೆ ಕಟ್ಟದೇ ಇದ್ದ ಕಾಲ ಅದು, ತುಂಗಭದ್ರೆ ದಂಡೇಲಿ ಒಂದು ಅಂಬಿಗರ ಮನೆ ಇತ್ತಂತೆ. ಕಣ್ಣು ಮುಚ್ಕೊಂಡೇ ಕೇಳು ಮಗಾ, ನಡುನಡುವೆ ಹ್ಞೂಂ ಅಂದ್ರೆ ಸಾಕು. ಆ ಮನೇಲಿ ಅತ್ತೆ ಬಾಳವ್ವ, ಅವಳಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ದೊಡ್ಡಾಕೆ ದ್ಯಾಮವ್ವ, ನಡುವಿನಾಕೆ ಕೆಂಚವ್ವ, ಕಿರಿಯಾಕೆ ಹುಲಿಗೆವ್ವ. ಈ ಹುಲಿಗೆವ್ವ ಹೊಳೆಯನ್ನೇ ಕಾಣದ ಊರಿಂದ ಬಂದೋಳು. ಅತ್ತೆ ಅವಳ ಬೆನ್ನಿಗೆ ಸೋರೆಬುರುಡೆ ಕಟ್ಟಿ ಈಜು ಕಲಿಸಿದ್ಲಂತೆ. ಹಗಲೆಲ್ಲ ಮೀನಿನ ಹಾಗೆ ಈಜೋಳು, ಹೊತ್ತು ಮುಳುಗಿದ್ರೆ ಮಾತ್ರ ಕಾಲು ತೊಳೆಯೋಕೂ ಹೊಳೆಗೆ ಇಳೀತಿರಲಿಲ್ಲ. ಹಗಲು ಹುಲಿಗೆವ್ವ, ರಾತ್ರಿ ಇಲಿಗೆವ್ವ ಅಂತ ಕೆಂಚವ್ವ ಆಡಿಕೊಂಡು ನಗೋಳಂತೆ.

ಹೆದರಿಕೆ ಸುಮ್ಮಸುಮ್ಮನೆ ಬಂದದ್ದಲ್ಲ. ಮನೆ ಮುಂದೇನೇ ಹೊಳೆ ಆಳವಾಗಿ ನಿಂತ ಕರಿಮಡು. ಮೂರು ಹಗ್ಗ ಗಂಟು ಹಾಕಿ ಕಲ್ಲು ಇಳಿಬಿಟ್ರೂ ತಳ ಸಿಕ್ಕಿರಲಿಲ್ಲವಂತೆ. ಯಾರದಾದ್ರೂ ಮನೆಗೆ ಹೋದ್ರೆ ಬಾಗಿಲಲ್ಲಿ ನಿಂತು ಕೂಗ್ತೀವಲ್ಲ, ಹಾಗೆ ಅಲ್ಲಿನೋರು ನಾನು ಇಂಥಾಕೆ, ಇಂಥೋರ ಮನೆಯಾಕೆ, ಇಂಥ ಕೆಲಸಕ್ಕೆ ಹೊರಟಿದೀನಿ ಅಂತ ಕೂಗಿಯೇ ಆ ಮಡುವಿಗೆ ಇಳೀತಿದ್ರು. ಅದು ಹಗಲಿನ ಮಾತು. ರಾತ್ರಿ ಇಳಿದ್ರೆ ತುಟಿ ಬಿಚ್ಚಬಾರದು. ಕತ್ತಲಲ್ಲಿ ಹೆಸರು ಕೇಳಿಸಿಕೊಂಡ್ರೆ ಮಡು ಅದನ್ನ ಮರೆಯೋದಿಲ್ಲ, ಕರೆದು ಕರೆದು ಒಳಗೆ ಎಳ್ಕೊಳ್ಳುತ್ತೆ ಅಂತಿದ್ರಂತೆ.

ಆಮೇಲೆ ದ್ಯಾಮವ್ವ ಬಸುರಿಯಾದ್ಲು. ದಿನ ತುಂಬೋಕೆ ತಿಂಗಳಿದೆ ಅನ್ನೋವಾಗ ಹರಿಗೋಲಿನ ತೊಗಲಿಗೆ ಎಣ್ಣೆ ಕುಡಿಸೋ ಅಮಾವಾಸ್ಯೆ ಬಂತಂತೆ. ಎಣ್ಣೆ ಬಳಿದ ಹರಿಗೋಲು ಮೂರು ದಿನ ಬೋರಲು ಬಿದ್ದಿರಬೇಕು, ಹಸಿ ಇರೋವಾಗಲೇ ನೀರಿಗೆ ಬಿಟ್ರೆ ಹೊಲಿಗೆ ಬಿಚ್ಚಿಕೊಳ್ಳುತ್ತೆ. ಅದಕ್ಕೇ ಮನೇಲಿದ್ದ ಎರಡು ಹರಿಗೋಲಲ್ಲಿ ಒಂದಕ್ಕೆ ಈ ಅಮಾವಾಸ್ಯೆ, ಇನ್ನೊಂದಕ್ಕೆ ಮುಂದಿನ ಅಮಾವಾಸ್ಯೆ. ಆ ಸಲ ಅಣ್ಣತಮ್ಮಂದಿರು, ಕೈ ಜಿಡ್ಡು ಮಾಡ್ಕೊಳ್ಳೋದು ಒಂದೇ ಸಲ ಆಗ್ಲಿ ಅಂತ ಎರಡಕ್ಕೂ ಬಳಿದು, ಬಿದಿರು ತರೋಕೆ ಕಾಡಿಗೆ ಹೋಗಿಬಿಟ್ರಂತೆ.

ಅವತ್ತೇ ರಾತ್ರಿ ದ್ಯಾಮವ್ವನಿಗೆ ನೋವು ಶುರುವಾಯ್ತು. ಬಾಳವ್ವ ಹೊಟ್ಟೆ ಮುಟ್ಟಿ ನೋಡಿದ್ಲು, ಕೂಸು ಅಡ್ಡಡ್ಡ ಮಲಗಿತ್ತಂತೆ. ಅದನ್ನ ತಿರುಗಿಸೋ ಕೈ ಇದ್ದದ್ದು ಆಚೆ ದಡದ ಸೂಲಗಿತ್ತಿ ನಾಗಜ್ಜಿಗೆ ಮಾತ್ರ. ಬೆಳಗಾಗೋದ್ರೊಳಗೆ ಅವಳು ಬರದಿದ್ರೆ ತಾಯಿಯೂ ಇಲ್ಲ, ಕೂಸೂ ಇಲ್ಲ.

ಬಾಳವ್ವ ದಂಡೆಗೆ ಹೋಗಿ ಗಂಟಲು ಹರಿಯೋ ಹಾಗೆ ಕೂಗಿದ್ಲಂತೆ. ಕೂಗು ಅರ್ಧ ಹೊಳೆಯನ್ನೂ ದಾಟಲಿಲ್ಲ. ಆಮೇಲೆ ಕೆಂಚವ್ವ ಸೀರೆ ಕಚ್ಚೆ ಕಟ್ಟಿ, ತುಟಿ ಬಿಗಿದು ನೀರಿಗಿಳಿದ್ಲು. ಸೊಂಟದ ತನಕ ಹೋಗಿದ್ಲೋ ಇಲ್ವೋ, ಏನೋ ಕಾಲು ಹಿಡೀತಂತೆ. ಚೀರ್ಕೊಂಡು ವಾಪಸ್ ಓಡಿ ಬಂದು, ನನ್ನ ಕೈಲಾಗಲ್ಲ ಕಣೇ ಅಂತ ಅತ್ತುಬಿಟ್ಲು. ಒಳಗಿಂದ ದ್ಯಾಮವ್ವನ ಕೂಗು. ಹುಲಿಗೆವ್ವ ಸೂರಿನಿಂದ ಎರಡು ಸೋರೆಬುರುಡೆ ಇಳಿಸಿ ಬೆನ್ನಿಗೆ ಕಟ್ಟಿಕೊಂಡ್ಲಂತೆ. ನೀನಾ, ಅಂದ್ಲಂತೆ ಕೆಂಚವ್ವ. ಮತ್ತಿನ್ಯಾರಿದಾರೆ ಅಕ್ಕ, ಅತ್ತೆ ದೊಡ್ಡಕ್ಕನ ಪಕ್ಕ ಬಿಟ್ಟು ಬರೋ ಹಾಗಿಲ್ಲ, ಅಂದ್ಲಂತೆ.

ನೀರು ತಣ್ಣಗೆ ಕುತ್ತಿಗೆಗೆ ಬಂತು. ನಾಲ್ಕು ಮಾರು ಹೋಗೋದ್ರೊಳಗೆ ಅವಳ ಕಾಲನ್ನೂ ಏನೋ ಸುತ್ಕೊಂಡು ಎಳೀತಂತೆ. ಮಾತಾಡಬಾರದು ಅನ್ನೋದು ಎಲ್ಲಿ ನೆನಪಾಗಬೇಕು, ನಾನು ಹುಲಿಗೆವ್ವ ಕಣವ್ವಾ ಅಂತ ಕೂಗಿಬಿಟ್ಲು. ಕಾಲು ಹಿಡಿದದ್ದು ಮೆಲ್ಲಗೆ ಬಿಡ್ತಂತೆ.

ಇನ್ನೂ ಮುಂದೆ ಹೋದ್ರೆ, ಪಕ್ಕದಲ್ಲೇ ಏನೋ ಉಸಿರಾಡ್ತಿದೆ. ಕಾಣಿಸಲ್ಲ. ಬೆಚ್ಚನೆ ಉಸಿರು ಕೆನ್ನೆಗೆ ತಾಗ್ತಿದೆ. ಇನ್ನೇನು ಮುಚ್ಚಿಡೋದು ಅಂತ, ಅಂಬಿಗರ ಬಾಳವ್ವನ ಕಿರಿ ಸೊಸೆ ನಾನು ಅಂದ್ಲು. ಆ ದೊಡ್ಡದು ಅವಳ ಸುತ್ತ ಒಂದು ಸುತ್ತು ಬಂದು ಕೆಳಗೆ ಹೋಯ್ತಂತೆ. ಅದು ಹೋದ ಅಲೆಗೇ ಅವಳು ತೊಟ್ಟಿಲ ಕೂಸಿನ ಹಾಗೆ ತೂಗಾಡಿದ್ಲು.

ಆಮೇಲೆ ನಟ್ಟನಡು ಬಂತು. ಅಲ್ಲಿ ಸದ್ದಿಲ್ಲ. ಮೇಲೂ ಕಪ್ಪು, ಕೆಳಗೂ ಕಪ್ಪು, ಯಾವ ದಡ ಎಲ್ಲಿದೆ ಅನ್ನೋದೇ ತಪ್ಪಿಹೋಯ್ತು. ಕೈ ಆಡಿಸೋದನ್ನ ನಿಲ್ಲಿಸಿದ್ಲು. ಕೆಳಗೆ, ಬಲು ಕೆಳಗೆ, ಮಡು ಸುಮ್ಮನೆ ಕಾಯ್ತಿತ್ತಂತೆ, ಯಾವ ಕೆಲಸಕ್ಕೆ ಹೊರಟೆ ಅನ್ನೋದನ್ನ ಕೇಳೋಕೆ. ಹುಲಿಗೆವ್ವ ಹೇಳಿದ್ಲಂತೆ: ಅವ್ವಾ, ನಮ್ಮನೇಲಿ ಒಂದು ಕೂಸು ನನ್ನ ಹಾಗೇ ಕತ್ತಲೆ ನೀರಲ್ಲಿದೆ. ದಡ ಯಾವ ಕಡೆ ಅಂತ ಅದಕ್ಕೂ ಗೊತ್ತಾಗ್ತಿಲ್ಲ. ದಾರಿ ತೋರಿಸೋ ಕೈಯನ್ನ ಕರೆತರೋಕೆ ಹೊರಟಿದೀನಿ.

ಆಗ, ಮಗಾ, ಇಡೀ ಮಡು ಒಂದು ಸಲ ಉಸಿರು ಎಳ್ಕೊಂಡಿತಂತೆ. ಮಲಗಿದ ತಾಯಿ ಹೊಟ್ಟೆ ಏಳೋ ಹಾಗೆ ನೀರು ಎದ್ದಿತು, ಅವಳೂ ಅದರ ಮೇಲೆ ಎದ್ಲು, ಎಷ್ಟು ಎತ್ತರಕ್ಕೆ ಅಂದ್ರೆ ಈಚೆ ತನ್ನ ಮನೆ ದೀಪ, ಆಚೆ ಆಲೆಮನೆಯ ಬೆಂಕಿ, ಎರಡೂ ಕಂಡವಂತೆ. ಬಗ್ಗಿ ನೋಡಿದ್ರೆ ಒಳಗೆಲ್ಲ ಮೀನು, ಒಂದೊಂದೂ ಹಚ್ಚಿಟ್ಟ ಹಣತೆ, ಸಾಲುಸಾಲಾಗಿ ಕೆಳಗೆ, ಇನ್ನೂ ಕೆಳಗೆ, ಆದ್ರೂ ತಳ ಕಾಣಲಿಲ್ಲ. ಕೈ ಮುಗಿಯೋಣ ಅನ್ನಿಸಿತು, ಮುಗಿದ್ರೆ ಈಜೋರು ಯಾರು? ಮಡು ಉಸಿರು ಬಿಟ್ಟಿತು, ಅವಳನ್ನ ಆಚೆ ದಡದ ಮರಳಿಗೆ ಮೆತ್ತಗೆ ಇಳಿಸಿತಂತೆ.

ನಾಗಜ್ಜಿಯನ್ನೇನೋ ಎಬ್ಬಿಸಿದ್ಲು, ಆದ್ರೆ ಅಜ್ಜಿಗೆ ಈಜು ಬರೋದಿಲ್ಲ. ಹುಲಿಗೆವ್ವ ಆಲೆಮನೆಗೆ ಓಡಿ, ಬೆಲ್ಲ ಕಾಯಿಸೋ ದೊಡ್ಡ ಕೊಪ್ಪರಿಗೆ ಕೇಳಿ ತಂದು, ಅಜ್ಜಿಯನ್ನ ಅದರಲ್ಲಿ ಕೂರಿಸಿ ಹಿಂದಿನಿಂದ ತಳ್ಕೊಂಡು ಹೊರಟ್ಲಂತೆ. ಇಷ್ಟು ಮಂದಿಯನ್ನ ಹೆರಿಸಿದೀನಿ, ಕೊನೆಗೆ ನನ್ನನ್ನೇ ಬೆಲ್ಲ ಮಾಡೋಕೆ ಹೊರಟ್ಯೇನೇ, ಅಂತ ಅಜ್ಜಿ ಬೈಯೋಳು. ನಡುವಿಗೆ ಬಂದಾಗ ಮಾತ್ರ ದನಿ ತಗ್ಗಿಸಿ, ಕೆಳಗೆ ಯಾರಾದ್ರೂ ಇದಾರೇನೇ ಅಂದ್ಲು. ಇದಾರೆ ಅಜ್ಜಿ, ಅಲ್ಲಾಡದೆ ಕೂತ್ಕೊ, ಅಂದ್ಲಂತೆ ಹುಲಿಗೆವ್ವ.

ಆಮೇಲೆ ನಾಗಜ್ಜಿ ಕೈ ಬಿಸಿ ಮಾಡ್ಕೊಂಡು, ಎಣ್ಣೆ ಸವರಿ, ಕೂಸನ್ನ ಮೆಲ್ಲಮೆಲ್ಲಗೆ ತಿರುಗಿಸಿದ್ಲಂತೆ. ಕೋಳಿ ಕೂಗೋ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ದ್ಯಾಮವ್ವ ಬದುಕಿದ್ಲು. ಬಿದಿರು ಹೊತ್ತು ಬಂದ ಗಂಡಸರಿಗೆ ಬಾಳವ್ವನ ಬಾಯಿಂದ ಬೇಕಾದಷ್ಟು ಸಿಕ್ಕಿತು. ನಾಗಜ್ಜಿ, ಇನ್ನೊಂದು ಸಲ ಕೊಪ್ಪರಿಗೆ ಹತ್ತೋಳಲ್ಲ ಅಂತ ಹಟ ಹಿಡಿದು, ಹರಿಗೋಲು ಒಣಗೋ ತನಕ ಬಾಣಂತಿ ಜೊತೆ ತಾನೂ ತುಪ್ಪ ಅನ್ನ ಉಂಡ್ಕೊಂಡು ಇದ್ಲಂತೆ.

ಒಂದಿನ ಕೆಂಚವ್ವ, ಈಗ ನಿನ್ನ ಹೆದರಿಕೆ ಹೋಯ್ತಲ್ವೇನೇ ಅಂತ ಕೇಳಿದ್ಲು. ಹುಲಿಗೆವ್ವ ಕೂಸನ್ನ ಮಡಿಲಲ್ಲಿ ತಟ್ಟುತ್ತಿದ್ಲಂತೆ. ಇಲ್ಲ ಅಕ್ಕ, ಅಷ್ಟು ದೊಡ್ಡದನ್ನ ಕಂಡ ಮೇಲೆ ಹೆದರದೆ ಇರೋಕಾಗುತ್ತಾ? ಆದ್ರೆ ಕರೆದ್ರೆ ಮತ್ತೆ ಇಳೀತೀನಿ, ಅಂದ್ಲಂತೆ.

ಅಲ್ಲಿಗೆ ಕತೆ ದಡ ಹತ್ತಿತು, ಮುಗೀತು. ಹ್ಞೂಂ ಅನ್ನೋದು ನಿಂತೇಹೋಯ್ತಲ್ಲ. ಮಲಗು.